ನಾಲಿಗೆ ತುದಿಯಲ್ಲಿ ಕಪ್ಪು ಚುಕ್ಕೆಗಳಿವೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಏನಾದರೂ ಕಾಯಿಲೆಯಾ?

ಮೊದಲು ಉಜ್ಜುವುದನ್ನು ನಿಲ್ಲಿಸಿ. ನನ್ನ ನಾಲಿಗೆಯೂ ಹೀಗೇ ಇದೆ.

ಮಂಡ್ಯದಲ್ಲಿ ಪಿಯುಸಿ ಓದುವಾಗ ಮೊದಲ ಸಲ ಕಂಡಿದ್ದು. ತುದಿಯಲ್ಲಿ, ಎರಡೂ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು. ನಮ್ಮಜ್ಜಿ ನೋಡಿದವಳೇ, "ಕರಿನಾಲಿಗೆ ಕಣವ್ವ, ಕೆಟ್ಟದ್ದು ನುಡೀಬ್ಯಾಡ, ಹಂಗೇ ಆಗೋಯ್ತದೆ" ಎಂದಳು. ಪರೀಕ್ಷೆ ಮಾಡೋಣ ಅಂತ ಸಂಜೆ ಕರೆಂಟ್ ಹೋಗುತ್ತೆ ಅಂದೆ. ಹೋಯಿತು. ನಮ್ಮೂರಲ್ಲಿ ಅದಕ್ಕೆ ಕರಿನಾಲಿಗೆಯೇ ಬೇಕಿರಲಿಲ್ಲ ಬಿಡಿ.

ನಾನೂ ಟಂಗ್ ಕ್ಲೀನರ್ ಹಿಡಿದು ಹೆರೆದೆ. ರಕ್ತ ಬಂತು, ಚುಕ್ಕೆ ಹೋಗಲಿಲ್ಲ. ಎರಡು ದಿನ ಸಾರು ಬಾಯಿಗಿಟ್ಟರೆ ಉರಿ. ಕೊನೆಗೆ ಮೈಸೂರಿನಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಲೈಟ್ ಇರುವ ಭೂತಗನ್ನಡಿಯಲ್ಲಿ ನೋಡಿ, ಒಂದೊಂದು ಚುಕ್ಕೆಯೂ ಗುಲಾಬಿ ಎಸಳು ಜೋಡಿಸಿದ ಹಾಗೆ ಕಾಣುತ್ತದೆ ಎಂದರು. ಅದೇ ಇದರ ಗುರುತಂತೆ.

ನಾಲಿಗೆ ಮೇಲೆ ಅಣಬೆ ಆಕಾರದ ಪುಟ್ಟ ಉಬ್ಬುಗಳಿರುತ್ತವೆ. ಅವುಗಳೊಳಗೆ ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಅದೇ ವಸ್ತು, ಸೇರಿಕೊಂಡಿದೆ. ಅಷ್ಟೇ. ಬಣ್ಣ ಒಳಗಿದೆ, ಉಜ್ಜಿದರೆ ಹೇಗೆ ಹೋಗುತ್ತೆ? ಇದಕ್ಕೆ ಪಿಗ್ಮೆಂಟೆಡ್ ಫಂಗಿಫಾರ್ಮ್ ಪ್ಯಾಪಿಲ್ಲೆ ಎನ್ನುತ್ತಾರೆ. 'ಫಂಗಿ' ಅಂತ ಕೇಳಿ ಫಂಗಸ್ ಮಾತ್ರೆ ನುಂಗಬೇಡಿ. ಆಕಾರ ಅಣಬೆಯದು, ಸೋಂಕು ಅಲ್ಲ. ನಮ್ಮಂಥ ಕಂದು, ಕಪ್ಪು ಮೈಬಣ್ಣದವರಲ್ಲೇ ಇದು ಜಾಸ್ತಿ. ಚಿಕಿತ್ಸೆ ಬೇಕಿಲ್ಲ.

ನಾಲಿಗೆಯ ನಡುಭಾಗ ಕಪ್ಪಾಗಿ, ಕೂದಲು ಬೆಳೆದ ಹಾಗಿದ್ದರೆ ಅದು ಬೇರೆ. ಬೀಡಿ ಸಿಗರೇಟು, ಜಾಸ್ತಿ ಕಾಫಿ, ಆಂಟಿಬಯೋಟಿಕ್ ಇಂಥವುಗಳಿಂದ ಬರುತ್ತೆ. ಅದೂ ಅಪಾಯದ್ದಲ್ಲ. ಅಲ್ಲಿ ಮೆಲ್ಲಗೆ ಸ್ವಚ್ಛ ಮಾಡಿದರೆ ಉಪಯೋಗ ಇದೆ. ಕಬ್ಬಿಣಾಂಶದ ಟಾನಿಕ್ ಕುಡಿದರೂ ನಾಲಿಗೆ ಕಪ್ಪಾಗಬಹುದು.

ಆದರೆ ನಾಲಿಗೆ ನುಣ್ಣಗೆ ಕೆಂಪಾಗಿ ಉರಿಯುತ್ತಿದ್ದು, ಬೆರಳ ಗಿಣ್ಣೂ ಕಪ್ಪಾಗಿದ್ದರೆ ಬಿ12 ಪರೀಕ್ಷೆ ಮಾಡಿಸಿ. ವಸಡು, ಅಂಗೈ ಗೆರೆ ಕಪ್ಪಾಗಿ ಸುಸ್ತಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ತಡ ಮಾಡಬೇಡಿ. ಒಂದೇ ಕಲೆ ದೊಡ್ಡದಾಗುತ್ತಿದ್ದರೂ, ಎರಡು ವಾರವಾದರೂ ಮಾಯದ ಹುಣ್ಣಿದ್ದರೂ ಹಾಗೇ. ಎಲೆಅಡಿಕೆ ಹೊಗೆಸೊಪ್ಪು ಹಾಕುವವರಂತೂ ಅಂಥದ್ದನ್ನು ಸುಮ್ನೆ ಬಿಡಲೇಬಾರದು.

ನಿಮ್ಮದು ಅಂಚಿನಲ್ಲಿ ಬಿಡಿಬಿಡಿ ಚುಕ್ಕೆಗಳೇ ಅಲ್ವಾ? ಒಂದು ಸಲ ಚರ್ಮದ ಡಾಕ್ಟರಿಗೆ ತೋರಿಸಿ. ನನಗೆ ಐದು ನಿಮಿಷವೂ ಹಿಡಿಯಲಿಲ್ಲ.