ಪ್ಯಾಚ್‌ಬೇ ಜೋಡಣೆ: ಮೊದಲು ಕಾಗದ, ಆಮೇಲೆ ಕೇಬಲ್

ನಮಸ್ಕಾರ ಸರ್. ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಎರಡು ಸಾಲಿನಲ್ಲಿ ಮುಗಿಸುವ ವಿಷಯವಲ್ಲವಾದ್ದರಿಂದ ಈಗ ಬಿಡುವು ಮಾಡಿಕೊಂಡು ಬರೆಯುತ್ತಿದ್ದೇನೆ.

ನೀವು ಹೇಳಿದ್ದನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ಮೈಸೂರಿನ ಕುವೆಂಪುನಗರದ ಮನೆಯ ಮಹಡಿ ಕೋಣೆಯಲ್ಲಿ ಸ್ಟುಡಿಯೊ. ಎಂಟು ಇನ್‌ಪುಟ್, ಎಂಟು ಔಟ್‌ಪುಟ್‌ಗಳ ಇಂಟರ್‌ಫೇಸ್ (ಧ್ವನಿಯನ್ನು ಕಂಪ್ಯೂಟರ್‌ಗೂ ಅಲ್ಲಿಂದ ಹೊರಕ್ಕೂ ಒಯ್ಯುವ ಪೆಟ್ಟಿಗೆ); ಎರಡು ಚಾನೆಲ್‌ನ ಮೈಕ್ ಪ್ರೀಆಂಪ್ (ಮೈಕ್‌ನ ಕ್ಷೀಣ ಸಿಗ್ನಲ್ ಹೆಚ್ಚಿಸುವುದು), ಎರಡು ಚಾನೆಲ್‌ನ ಕಂಪ್ರೆಸರ್ (ಧ್ವನಿಯ ಏರಿಳಿತ ತಗ್ಗಿಸುವುದು), ಒಂದು ರಿವರ್ಬ್ (ಸಭಾಂಗಣದಂಥ ಅನುರಣನ ಕೊಡುವುದು), ಹೆಡ್‌ಫೋನ್ ಆಂಪ್, ಕೀಬೋರ್ಡ್, ಎಲೆಕ್ಟ್ರಾನಿಕ್ ತಂಬೂರಿ, ಪಿಕಪ್ ಕೂರಿಸಿದ ವೀಣೆ. ಪ್ರತಿ ಸಲ ಟಾರ್ಚ್ ಹಿಡಿದು ರ‍್ಯಾಕ್ ಹಿಂದೆ ನುಸುಳಿ ಸಾಕಾಗಿ, 48 ಜ್ಯಾಕ್‌ಗಳ ಹಳೆಯ ಪ್ಯಾಚ್‌ಬೇ ಒಂದನ್ನು, ಅಂದರೆ ಎಲ್ಲ ಸಾಧನಗಳ ಕೇಬಲ್‌ಗಳನ್ನು ಹಿಂಬದಿಗೆ ತಂದು ಮುಂಬದಿಯಿಂದಲೇ ಅದಲುಬದಲು ಮಾಡಬಹುದಾದ ಜ್ಯಾಕ್ ಫಲಕವನ್ನು, ಕೊಂಡಿದ್ದೀರಿ. ಅದರ ಮೇಲಿನ ಗುರುತುಗಳು ಅಳಿಸಿಹೋಗಿವೆ, ಅದನ್ನು ಹೇಗೆ ಜೋಡಿಸುವುದು ಎಂಬುದು ನಿಮ್ಮ ಪ್ರಶ್ನೆ. ದಸರೆಗೆ ಮೊದಲು ಭಜನಾ ಮಂಡಳಿಯ ಧ್ವನಿಮುದ್ರಣ ಇದೆ. ಕೊನೆಯಲ್ಲಿ, ಮನೆಯ ಕೋಣೆಗೆ ಇದೆಲ್ಲ ಅತಿಯಾಯಿತೇ ಎಂದೂ ಕೇಳಿದ್ದೀರಿ.

ಅತಿಯಾಗಲಿಲ್ಲ. ನಿಮ್ಮಲ್ಲಿ ಕಂಪ್ರೆಸರ್ ಮತ್ತು ರಿವರ್ಬ್ ಎರಡೂ ಬೇರೆ ಪೆಟ್ಟಿಗೆಗಳಾಗಿ ಇವೆ. ಅವು ಇಂದು ಒಬ್ಬರ ಧ್ವನಿಗೆ, ನಾಳೆ ಇನ್ನೊಂದು ವಾದ್ಯಕ್ಕೆ ಬೇಕಾಗುತ್ತವೆ. ಅಂಥ ಕಡೆ ಪ್ಯಾಚ್‌ಬೇ ಬೇಕೇ ಬೇಕು. ಬರೀ ಎರಡು ಮೈಕ್, ಒಂದು ಇಂಟರ್‌ಫೇಸ್ ಇದ್ದಿದ್ದರೆ ನಾನೇ ಬೇಡವೆನ್ನುತ್ತಿದ್ದೆ. ಇನ್ನು ಮನೆಯ ಕೋಣೆ ಎಂಬ ಸಂಕೋಚ ಬಿಡಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಹೆಸರಿನ ಬಾನುಲಿ ಕೇಂದ್ರ ನಡೆಸಿದ ಊರು ನಮ್ಮದು.

ಪ್ಯಾಚ್‌ಬೇ ಕೊಂಡವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪೆಂದರೆ ಕೈಗೆ ಸಿಕ್ಕ ಕೇಬಲ್‌ಗಳನ್ನೆಲ್ಲ ಅದರ ಹಿಂಬದಿಗೆ ಚುಚ್ಚುತ್ತಾ ಹೋಗುವುದು. ನೀವು ಹಾಗೆ ಮಾಡಬೇಡಿ. ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಹತ್ತರಲ್ಲಿ ಒಂಬತ್ತು ದಿನ ನಿಮ್ಮ ಕೋಣೆಯಲ್ಲಿ ಯಾವ ಸಿಗ್ನಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬರೆಯಿರಿ. ಆ ದಾರಿಗಳೆಲ್ಲ ಮುಂಬದಿಯಲ್ಲಿ ಒಂದೂ ಕಾರ್ಡ್ (ಎರಡೂ ಕೊನೆಗೆ ಪ್ಲಗ್ ಇರುವ ಗಿಡ್ಡ ಕೇಬಲ್) ಚುಚ್ಚದೆ ತೆರೆದಿರಬೇಕು. ಕಾರ್ಡ್ ಹಿಡಿಯುವುದು ಉಳಿದ ಒಂದು ದಿನದ ಕೆಲಸಕ್ಕೆ ಮಾತ್ರ. ದಿನವೂ ಮುಂದೆ ಹತ್ತು ಕಾರ್ಡ್ ನೇತಾಡುತ್ತಿದ್ದರೆ ಜೋಡಣೆಯೇ ತಪ್ಪಿದೆ ಎಂದು ನಾನು ಹೇಳುತ್ತೇನೆ.

ಇದನ್ನು ಸಾಧ್ಯವಾಗಿಸುವುದು ‘ನಾರ್ಮಲ್’ ಎಂಬ ವ್ಯವಸ್ಥೆ. ಪ್ಯಾಚ್‌ಬೇಯಲ್ಲಿ ಮೇಲೆ 24, ಕೆಳಗೆ 24 ಜ್ಯಾಕ್; ಹಿಂದೆಯೂ ಅಷ್ಟೇ. ಮೇಲಿನ ಸಾಲಿಗೆ ಸಾಧನಗಳ ಔಟ್‌ಪುಟ್, ಕೆಳಗಿನ ಸಾಲಿಗೆ ಇನ್‌ಪುಟ್. ಬಹುತೇಕ ಸ್ಟುಡಿಯೊಗಳಲ್ಲಿ ಇರುವ ರೂಢಿ ಇದು, ಬದಲಿಸಬೇಡಿ. ಜ್ಯಾಕ್‌ನ ಒಳಗೆ ತೆಳುವಾದ ಲೋಹದ ಪಟ್ಟಿಯೊಂದು ಇನ್ನೊಂದಕ್ಕೆ ಒರಗಿಕೊಂಡಿರುತ್ತದೆ. ಮುಂದೆ ಏನೂ ಇಲ್ಲದಿದ್ದಾಗ ಆ ಸ್ಪರ್ಶದ ಮೂಲಕವೇ ಮೇಲಿನ ಸಿಗ್ನಲ್ ಕೆಳಕ್ಕೆ ಇಳಿಯುತ್ತದೆ. ಪ್ಲಗ್ ಒಳಹೊಕ್ಕಾಗ ಪಟ್ಟಿ ಪಕ್ಕಕ್ಕೆ ಸರಿದು ಆ ದಾರಿ ಮುಚ್ಚುತ್ತದೆ. ಯಾವ ಜ್ಯಾಕ್‌ಗೆ ಚುಚ್ಚಿದರೆ ಮುಚ್ಚುತ್ತದೆ ಎಂಬುದರಲ್ಲಿದೆ ಎಲ್ಲ ವ್ಯತ್ಯಾಸ.

ಫುಲ್ ನಾರ್ಮಲ್‌ನಲ್ಲಿ ಮೇಲೆ ಚುಚ್ಚಿದರೂ ಕೆಳಗೆ ಚುಚ್ಚಿದರೂ ದಾರಿ ಮುಚ್ಚುತ್ತದೆ. ಹಾಫ್ ನಾರ್ಮಲ್‌ನಲ್ಲಿ ಕೆಳಗೆ ಚುಚ್ಚಿದರೆ ಮಾತ್ರ ಮುಚ್ಚುತ್ತದೆ. ಮೇಲೆ ಚುಚ್ಚಿದರೆ ಸಿಗ್ನಲ್ ಎಂದಿನಂತೆ ಕೆಳಗೂ ಇಳಿಯುತ್ತದೆ, ಅದರ ಪ್ರತಿಯೊಂದು ನಿಮ್ಮ ಕಾರ್ಡ್‌ಗೂ ಬರುತ್ತದೆ. ಥ್ರೂ ಎಂದರೆ ಮೇಲಕ್ಕೂ ಕೆಳಕ್ಕೂ ಸಂಬಂಧವೇ ಇಲ್ಲ. ಪ್ಯಾರಲಲ್‌ನಲ್ಲಿ ಮುಂದಿನ ಎರಡು, ಹಿಂದಿನ ಎರಡು, ನಾಲ್ಕೂ ಜ್ಯಾಕ್‌ಗಳು ಸದಾ ಒಂದಾಗಿರುತ್ತವೆ.

ಗುರುತು ಅಳಿಸಿದ್ದರೆ ಚಿಂತೆಯಿಲ್ಲ. ಮಲ್ಟಿಮೀಟರ್ ಅನ್ನು ಬೀಪ್ ಶಬ್ದ ಬರುವ ಕಂಟಿನ್ಯೂಟಿಗೆ ತಿರುಗಿಸಿ. ಹಿಂಬದಿಯ ಮೇಲಿನ ಮತ್ತು ಕೆಳಗಿನ ಜ್ಯಾಕ್‌ಗಳಿಗೆ ಒಂದೊಂದು ಪ್ಲಗ್ ಹಾಕಿ, ಅವುಗಳ ತುದಿಯ ತಂತಿಗಳನ್ನು ಮೀಟರಿಗೆ ಕೊಡಿ. ಬೀಪ್ ಬರದಿದ್ದರೆ ಅದು ಥ್ರೂ. ಬಂದರೆ, ತಂತಿ ಜೋಡಿಸದ ಖಾಲಿ ಪ್ಲಗ್ ಒಂದನ್ನು ಮುಂಬದಿಯ ಮೇಲಿನ ಜ್ಯಾಕ್‌ಗೆ ತೂರಿಸಿ. ಬೀಪ್ ನಿಂತಿತೇ? ಅದು ಫುಲ್ ನಾರ್ಮಲ್. ನಿಲ್ಲದಿದ್ದರೆ ಅದೇ ಪ್ಲಗ್ ಅನ್ನು ಕೆಳಗಿನ ಜ್ಯಾಕ್‌ಗೆ ಹಾಕಿ. ಈಗ ನಿಂತರೆ ಹಾಫ್ ನಾರ್ಮಲ್. ಆಗಲೂ ನಿಲ್ಲದಿದ್ದರೆ ಪ್ಯಾರಲಲ್. 24 ಕಂಬಗಳನ್ನೂ (ಮೇಲಿನದೊಂದು, ಅದರ ಕೆಳಗಿನದೊಂದು ಜ್ಯಾಕ್ ಸೇರಿ ಒಂದು ಕಂಬ) ಹೀಗೆ ನೋಡಿ, ಹಾಳೆಯಲ್ಲಿ ಬರೆದುಕೊಳ್ಳಿ. ಬದಲಾಯಿಸುವ ಬಗೆ ಒಂದೊಂದರಲ್ಲಿ ಒಂದೊಂದು ಥರ: ಸ್ಯಾಮ್ಸನ್ ಎಸ್-ಪ್ಯಾಚ್ ಪ್ಲಸ್‌ನಲ್ಲಿ ಮುಂಬದಿಯಲ್ಲೇ ಪುಟ್ಟ ಸ್ವಿಚ್‌ಗಳಿವೆ, ನ್ಯೂಟ್ರಿಕ್‌ನ ಕೆಲವು ಪ್ಯಾಚ್‌ಬೇಗಳಲ್ಲಿ ಒಳಗಿನ ಪುಟ್ಟ ಸರ್ಕ್ಯೂಟ್ ಬೋರ್ಡ್ ಹೊರತೆಗೆದು ತಿರುಗಿಸಿ ಹಾಕಬೇಕು, ಇನ್ನು ಕೆಲವಕ್ಕೆ ಸ್ವಿಚ್ ಮೇಲ್ಮುಚ್ಚಳದಲ್ಲಿರುತ್ತದೆ. ನಿಮ್ಮದು ಎರಡನೆಯ ಅಥವಾ ಮೂರನೆಯ ಬಗೆಯಾದರೆ ರ‍್ಯಾಕ್‌ಗೆ ಸ್ಕ್ರೂ ಬಿಗಿಯುವ ಮೊದಲೇ ಹೊಂದಿಸಿ. ಬಿಗಿದ ಮೇಲೆ ಕೈ ಹೋಗುವುದಿಲ್ಲ.

ನಿಮ್ಮ ಸಾಮಾನುಗಳಿಗೆ ನಾನು ಮಾಡುವ ಜೋಡಣೆ ಇದು. 1 ಮತ್ತು 2ನೇ ಕಂಬಗಳ ಮೇಲಿನ ಜ್ಯಾಕ್‌ಗಳಿಗೆ ಪ್ರೀಆಂಪ್‌ನ ಔಟ್‌ಪುಟ್‌ಗಳು, ಕೆಳಗಿನವಕ್ಕೆ ಇಂಟರ್‌ಫೇಸ್‌ನ 1, 2ನೇ ಇನ್‌ಪುಟ್. 3, 4ರ ಮೇಲೆ ಕೀಬೋರ್ಡಿನ ಎಡ-ಬಲ, ಕೆಳಗೆ ಇನ್‌ಪುಟ್ 3, 4. 5ರ ಮೇಲೆ ತಂಬೂರಿ, ಕೆಳಗೆ ಇನ್‌ಪುಟ್ 5. 6ರ ಕೆಳಗೆ ಇನ್‌ಪುಟ್ 6, ಮೇಲೆ ಖಾಲಿ. ಯಾರಾದರೂ ತಮ್ಮ ಸಾಧನ ತಂದರೆ ಆಗುತ್ತದೆ. 7, 8ರ ಮೇಲೆ ರಿವರ್ಬ್‌ನ ಔಟ್‌ಪುಟ್, ಕೆಳಗೆ ಇನ್‌ಪುಟ್ 7, 8. 9, 10 ಕಂಪ್ರೆಸರ್‌ಗೆ: ಔಟ್‌ಪುಟ್ ಮೇಲೆ, ಇನ್‌ಪುಟ್ ಕೆಳಗೆ. 11, 12ರ ಮೇಲೆ ಇಂಟರ್‌ಫೇಸ್‌ನ ಔಟ್‌ಪುಟ್ 3, 4, ಕೆಳಗೆ ಖಾಲಿ. 13, 14ರ ಮೇಲೆ ಔಟ್‌ಪುಟ್ 5, 6. ಕೆಳಗೆ ರಿವರ್ಬ್‌ನ ಇನ್‌ಪುಟ್. 15, 16ರ ಮೇಲೆ ಔಟ್‌ಪುಟ್ 7, 8. ಕೆಳಗೆ ಹೆಡ್‌ಫೋನ್ ಆಂಪ್. ಲೆಕ್ಕ ಹಾಕಿದರೆ ಹಿಂಬದಿಗೆ 29 ಕೇಬಲ್ ಬೇಕು. ಉಳಿದ ಎಂಟು ಕಂಬಗಳು ಮುಂದಕ್ಕಿರಲಿ.

9 ಮತ್ತು 10 ಬಿಟ್ಟು ಮಿಕ್ಕ ಎಲ್ಲವೂ ಹಾಫ್ ನಾರ್ಮಲ್. ಆ ಎರಡು ಮಾತ್ರ ಕಡ್ಡಾಯವಾಗಿ ಥ್ರೂ ಆಗಿರಲಿ. ಏಕೆಂದರೆ ಅಲ್ಲಿ ಮೇಲೆ ಕೆಳಗೆ ಇರುವುದು ಒಂದೇ ಸಾಧನ. ಹಾಫ್ ನಾರ್ಮಲ್ ಮಾಡಿದರೆ ಕಂಪ್ರೆಸರ್‌ನಿಂದ ಹೊರಬಂದದ್ದು ಅದರೊಳಕ್ಕೇ ಮರಳಿ ಹೋಗುತ್ತದೆ. ನನ್ನ ಮೊದಲ ಜೋಡಣೆಯಲ್ಲಿ ಈ ತಪ್ಪಾಗಿತ್ತು. ಕೋಣೆಯಲ್ಲಿ ಯಾರೂ ಉಸಿರೆತ್ತದಿದ್ದರೂ ಕಂಪ್ರೆಸರ್‌ನ ಎರಡೂ ಮುಳ್ಳುಗಳು ಮೂಲೆಗೆ ಅಂಟಿ ನಿಂತಿದ್ದವು. ಮುಳ್ಳು ಕೆಟ್ಟಿದೆಯೆಂದುಕೊಂಡು ಕಂಪ್ರೆಸರ್‌ನ ಔಟ್‌ಪುಟ್‌ನಿಂದ ಇಂಟರ್‌ಫೇಸ್‌ಗೆ ಕಾರ್ಡ್ ಚುಚ್ಚಿದೆ. ಆ ಕ್ಷಣವೇ ಹೆಡ್‌ಫೋನ್‌ನಲ್ಲಿ ಕಿವಿ ಸೀಳುವಂಥ ಕೀರಲು ಎದ್ದಿತು. ಹೆಡ್‌ಫೋನ್ ಹಾಕಿಕೊಂಡಿದ್ದ ಹುಡುಗಿ ಅದನ್ನು ಕಿತ್ತು ಎಸೆದು ಕಿವಿ ಮುಚ್ಚಿಕೊಂಡಳು. ಅವಳ ಕಿವಿ ಸರಿಯಾಗಿದೆ ಎಂದು ತಿಳಿಯುವವರೆಗೆ ನನಗೆ ಸಮಾಧಾನವಿರಲಿಲ್ಲ. ಆದ್ದರಿಂದಲೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಬಳಕೆ. ಭಜನೆಯ ಮುಖ್ಯ ಗಾಯಕರ ಧ್ವನಿಗೆ ಕಂಪ್ರೆಸರ್ ಬೇಕೆನ್ನಿ. 1ರ ಮೇಲಿನಿಂದ 9ರ ಕೆಳಕ್ಕೆ ಒಂದು ಕಾರ್ಡ್: ಪ್ರೀಆಂಪ್‌ನ ಸಿಗ್ನಲ್ ಕಂಪ್ರೆಸರ್‌ಗೆ ಹೋಯಿತು. ಇಷ್ಟಕ್ಕೇ ನಿಲ್ಲಿಸಿದರೆ ಹಳೆಯ ದಾರಿ ಇನ್ನೂ ತೆರೆದಿರುತ್ತದೆ, ಇಂಟರ್‌ಫೇಸ್‌ಗೆ ಬರುತ್ತಿರುವುದು ನೇರ ಧ್ವನಿಯೇ. ಈಗ 9ರ ಮೇಲಿನಿಂದ 1ರ ಕೆಳಕ್ಕೆ ಎರಡನೆಯ ಕಾರ್ಡ್. ನೇರ ದಾರಿ ಕಡಿದು, ಕಂಪ್ರೆಸರ್ ಹಾದು ಬಂದ ಧ್ವನಿ ಒಳಬರುತ್ತದೆ. ಎರಡು ಕಾರ್ಡ್, ಹತ್ತು ಸೆಕೆಂಡಿನ ಕೆಲಸ. ಮುಗಿದ ಮೇಲೆ ಎರಡನ್ನೂ ಕಿತ್ತರೆ ಕೋಣೆ ಮೊದಲಿನ ಸ್ಥಿತಿಗೆ ಬರುತ್ತದೆ. ಈಗಾಗಲೇ ಮುದ್ರಿಸಿದ ಧ್ವನಿಯನ್ನು ಕಂಪ್ರೆಸರ್ ಮೂಲಕ ಹಾಯಿಸಬೇಕಾದರೆ 11ರ ಮೇಲಿನಿಂದ 9ರ ಕೆಳಕ್ಕೆ ಕೊಟ್ಟು, 9ರ ಮೇಲಿನಿಂದ 6ರ ಕೆಳಕ್ಕೆ ತನ್ನಿ.

ತಂಬೂರಿಯಲ್ಲಿ ಹಾಫ್ ನಾರ್ಮಲ್‌ನ ಸೊಗಸು ಚೆನ್ನಾಗಿ ಕಾಣುತ್ತದೆ. 5ರ ಮೇಲಿನಿಂದ 13ರ ಕೆಳಕ್ಕೆ ಒಂದೇ ಕಾರ್ಡ್ ಹಾಕಿ. ತಂಬೂರಿ ಶುದ್ಧವಾಗಿ ಇನ್‌ಪುಟ್ 5ರಲ್ಲಿ ದಾಖಲಾಗುತ್ತಲೇ ಇರುತ್ತದೆ, ಅದರ ಪ್ರತಿ ರಿವರ್ಬ್‌ನೊಳಗೆ ಹೋಗಿ 7, 8ರಲ್ಲಿ ಬೇರೆಯಾಗಿ ಬರುತ್ತದೆ. ಎಷ್ಟು ಬೆರೆಸಬೇಕೆಂದು ಆಮೇಲೆ ನಿಧಾನವಾಗಿ ಕೂತು ನಿರ್ಧರಿಸಬಹುದು. ಹೀಗೆ ಒಂದು ಔಟ್‌ಪುಟ್ ಅನ್ನು ಎರಡು ಇನ್‌ಪುಟ್‌ಗಳಿಗೆ ಹಂಚಿದರೆ ತೊಂದರೆಯಿಲ್ಲ. ಎರಡು ಔಟ್‌ಪುಟ್‌ಗಳನ್ನು ಒಂದು ಇನ್‌ಪುಟ್‌ಗೆ ಸೇರಿಸುವುದು ಮಾತ್ರ ತಪ್ಪು. ಒಂದು ಸಾಧನ ತನ್ನ ಸಿಗ್ನಲ್ ಅನ್ನು ಇನ್ನೊಂದರ ಔಟ್‌ಪುಟ್‌ನೊಳಕ್ಕೆ ತಳ್ಳುತ್ತದೆ. ಹಾಗೆ ಸೇರಿಸಲು ಮಿಕ್ಸರ್ ಬೇಕು.

ಪ್ಯಾಚ್‌ಬೇಗೆ ತರಬಾರದವುಗಳ ಬಗ್ಗೆ ದಯವಿಟ್ಟು ಗಮನ ಕೊಡಿ. ಮೈಕ್‌ಗಳು ನೇರವಾಗಿ ಪ್ರೀಆಂಪ್‌ಗೇ ಹೋಗಲಿ. ಈ ಪ್ಲಗ್‌ಗೆ ತುದಿ, ಉಂಗುರ, ತೋಳು ಎಂದು ಮೂರು ಭಾಗ. ಒಳಗೆ ಜಾರುವಾಗ ತುದಿಯೂ ಉಂಗುರವೂ ತಮ್ಮದಲ್ಲದ ಸಂಪರ್ಕಗಳನ್ನು ಒಂದು ಕ್ಷಣ ಉಜ್ಜಿಕೊಂಡೇ ಹೋಗುತ್ತವೆ. ಆಗ ಮೈಕ್ ಕೇಬಲ್‌ನಲ್ಲೇ ಮೈಕ್‌ಗೆ ಕೊಡುವ 48 ವೋಲ್ಟಿನ ಫ್ಯಾಂಟಮ್ ಪವರ್ ಹರಿಯುತ್ತಿದ್ದರೆ ಪ್ರೀಆಂಪ್‌ಗೂ ಕೆಟ್ಟದ್ದು, ರಿಬ್ಬನ್ ಮೈಕ್ ಇದ್ದರೆ ಅದರ ಕಥೆ ಅಲ್ಲಿಗೇ ಮುಗಿಯಬಹುದು. ವೀಣೆಯ ಪಿಕಪ್ ಕೂಡ ನೇರವಾಗಿ ಇಂಟರ್‌ಫೇಸ್‌ನ ವಾದ್ಯದ ಇನ್‌ಪುಟ್‌ಗೆ ಅಥವಾ ವಾದ್ಯದ ಸಿಗ್ನಲ್ ಅನ್ನು ಮೈಕ್ ಇನ್‌ಪುಟ್‌ಗೆ ಹೊಂದಿಸುವ ಡಿಐ ಪೆಟ್ಟಿಗೆಗೆ ಹೋಗಬೇಕು. ಅದರ ಸಿಗ್ನಲ್ ತೀರಾ ಕ್ಷೀಣ. ಉದ್ದನೆಯ ಕೇಬಲ್‌ನಲ್ಲಿ ಅಲೆದಾಡಿಸಿದರೆ ಮೀಟಿನ ಮೊನಚೇ ಮಾಯವಾಗುತ್ತದೆ. ಸ್ಪೀಕರ್‌ಗಳಿಗೆ ಹೋಗುವ ಔಟ್‌ಪುಟ್ 1, 2 ಅನ್ನು ನಾನು ಬೇಕೆಂದೇ ಪಟ್ಟಿಯಿಂದ ಬಿಟ್ಟಿದ್ದೇನೆ. ಒಂದು ತಪ್ಪು ಕಾರ್ಡ್‌ನಿಂದ ಸ್ಪೀಕರ್ ಹಾಳಾಗುವುದು ಬೇಡ. ಪವರ್ ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಹೋಗುವ ತಂತಿಯಂತೂ ಪ್ಯಾಚ್‌ಬೇ ಹತ್ತಿರವೂ ಸುಳಿಯಬಾರದು.

ಕೇಬಲ್ ವಿಷಯ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಯಾರಾದರೂ ಇದ್ದರೆ ಪ್ಲಗ್‌ಗಳನ್ನೂ ಎರಡೆಳೆಯ ಶೀಲ್ಡೆಡ್ ಕೇಬಲ್ ಅನ್ನೂ ತರಿಸಿ ನೀವೇ ಬೆಸುಗೆ ಹಾಕಿಕೊಳ್ಳುವುದು ಒಳ್ಳೆಯದು. ಉದ್ದವನ್ನು ನಿಮ್ಮ ರ‍್ಯಾಕ್‌ಗೆ ತಕ್ಕಂತೆ ಕತ್ತರಿಸಬಹುದು. ಆದರೆ ಒಂದಡಿ ಹೆಚ್ಚಿಗೆ ಬಿಡಿ, ಸಾಧನವನ್ನು ಮುಂದಕ್ಕೆಳೆದಾಗ ಕೇಬಲ್ ಬಿಗಿಯಬಾರದು. ಪ್ರತಿ ಕೇಬಲನ್ನೂ ಮೀಟರಿನಲ್ಲಿ ನೋಡಿ: ತುದಿಗೆ ತುದಿ, ಉಂಗುರಕ್ಕೆ ಉಂಗುರ, ತೋಳಿಗೆ ತೋಳು ಸೇರಿರಬೇಕು; ಬೇರೆ ಬೇರೆ ಭಾಗಗಳು ಒಂದಕ್ಕೊಂದು ತಾಗಿರಬಾರದು. ಎರಡೂ ಕೊನೆಗಳಿಗೆ ಸಂಖ್ಯೆ ಅಂಟಿಸಿ. ಮುಂಬದಿಗೆ ಒಂದಡಿಯ ಆರು ಕಾರ್ಡ್, ಎರಡಡಿಯ ಎರಡು ಸಾಕು.

ಹಳೆಯ ಪ್ಲಗ್ ಯಾವುದನ್ನಾದರೂ ಹಾಕುವ ಮುನ್ನ ಒಮ್ಮೆ ನೋಡಿ. ಈ 6.35 ಮಿ.ಮೀ. ಪ್ಲಗ್ ಹುಟ್ಟಿದ್ದೇ 19ನೇ ಶತಮಾನದ ದೂರವಾಣಿ ಸ್ವಿಚ್‌ಬೋರ್ಡ್‌ಗಳಲ್ಲಿ. ನನ್ನ ಅಮ್ಮ ಮಂಡ್ಯದ ದೂರವಾಣಿ ಕೇಂದ್ರದಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿದ್ದರು. ಬೋರ್ಡ್ ಗುಜರಿಗೆ ಹೋದಾಗ ಅವರಿಗೆ ನೆನಪಿಗೆಂದು ಕೊಟ್ಟ ಹಿತ್ತಾಳೆಯ ಪ್ಲಗ್ ಒಂದು ನನ್ನ ಮೇಜಿನ ಮೇಲಿದೆ. ದಪ್ಪ ಅದೇ, ಆದರೆ ತುದಿ ಚಿಕ್ಕದು, ಗುಂಡಗೆ. ನಮ್ಮ ಪ್ಯಾಚ್‌ಬೇಗಳಲ್ಲಿ ಅಂಥದು ಸರಿಯಾಗಿ ಕೂರುವುದಿಲ್ಲ. ನಾನು ಮೊದಲ ಸಲ ಪ್ಯಾಚ್‌ಬೇ ತಂದಾಗ ಅಮ್ಮ ಪಕ್ಕದಲ್ಲಿ ನಿಂತು ನೋಡಿ ಹೇಳಿದ್ದು ಒಂದೇ ಮಾತು: “ಹಗ್ಗ ಎಳೆಯಬೇಡ, ತಲೆ ಹಿಡಿದು ಕೀಳು.” ಕಾರ್ಡ್‌ಗಳು ವರ್ಷಗಟ್ಟಲೆ ಬಾಳುವುದು ಅದರಿಂದಲೇ.

ಗುಂಯ್ ಎಂಬ ಸದ್ದು ಬಂದರೆ ಪ್ಯಾಚ್‌ಬೇಯನ್ನು ಬೈಯುವ ಮೊದಲು ಮನೆಯ ಅರ್ಥಿಂಗ್ ಪರೀಕ್ಷಿಸಿ. ನಮ್ಮ ಊರಿನ ಹಳೆಯ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇಲ್ಲದಿರುವುದುಂಟು. ಇದ್ದಿಲು, ಉಪ್ಪು ಹಾಕಿ ಮಾಡಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಬಿಡದೆ ಅದು ಒಣಗಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ. ರ‍್ಯಾಕ್‌ನ ಎಲ್ಲ ಸಾಧನಗಳಿಗೂ ಒಂದೇ ಸಾಕೆಟ್‌ನಿಂದ ವಿದ್ಯುತ್ ಕೊಡಿ. ಸದ್ದು ನಿಲ್ಲಿಸಲೆಂದು ಪ್ಲಗ್‌ನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ಅದು ಜೀವಕ್ಕೆ ಅಪಾಯ, ಮಾಡಬೇಡಿ. ವಿದ್ಯುತ್ ತಂತಿಗಳನ್ನು ರ‍್ಯಾಕ್‌ನ ಒಂದು ಬದಿಗೆ, ಆಡಿಯೊ ಕೇಬಲ್‌ಗಳನ್ನು ಇನ್ನೊಂದು ಬದಿಗೆ ಇಳಿಬಿಡಿ.

ಎರಡು ಮಳೆಗಾಲ ಕಳೆದ ಮೇಲೆ ಏನೂ ಚುಚ್ಚದಿದ್ದಾಗ ಧ್ವನಿ ಕರಕರ ಎನ್ನುವುದು, ಒಂದು ಕಡೆ ಸತ್ತೇಹೋಗುವುದು ಶುರುವಾಗಬಹುದು. ಆ ಒರಗಿದ ಪಟ್ಟಿಗಳ ನಡುವೆ ಧೂಳು, ಕಿಲುಬು ಸೇರಿರುತ್ತದೆ. ಪ್ಲಗ್ ಅನ್ನು ಹತ್ತಾರು ಸಲ ಹಾಕಿ ತೆಗೆದರೆ ಎಷ್ಟೋ ವೇಳೆ ಸರಿಹೋಗುತ್ತದೆ. ಇಲ್ಲವಾದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪವೇ ಸಿಂಪಡಿಸಿ. ಬಾಗಿಲ ಕೀಲಿಗೆ ಹಾಕುವ ಎಣ್ಣೆಯ ಸ್ಪ್ರೇ ಬೇಡ, ಅದರ ಜಿಡ್ಡಿಗೆ ಇನ್ನಷ್ಟು ಧೂಳು ಅಂಟುತ್ತದೆ.

ಹೆಸರಿನ ಪಟ್ಟಿಯನ್ನು ಕನ್ನಡದಲ್ಲೇ ಬರೆಯಿರಿ. ನನ್ನಲ್ಲಿ ‘ಮೈಕ್ 1’, ‘ತಂಬೂರಿ’, ‘ಕಿವಿಗೆ’ ಎಂದಿದೆ. ಸಹಾಯಕ್ಕೆ ಬರುವ ಹುಡುಗರು ಒಂದೇ ದಿನದಲ್ಲಿ ಕಲಿತರು.

ಹಾಳೆ ತಯಾರಾದ ಮೇಲೆ ಅದರ ಫೋಟೊ ಇಲ್ಲೇ ಹಾಕಿ. ಬೆಸುಗೆ ಹಾಕುವ ಮುನ್ನ ಒಮ್ಮೆ ನೋಡಿ ಹೇಳುತ್ತೇನೆ. ನಾನು ಯಾದವಗಿರಿಯಲ್ಲಿದ್ದೇನೆ, ಎರಡಡಿಯ ನಾಲ್ಕು ಕಾರ್ಡ್‌ಗಳು ನನ್ನಲ್ಲಿ ಸುಮ್ಮನೆ ಬಿದ್ದಿವೆ, ಭಾನುವಾರ ಬಂದರೆ ತೆಗೆದುಕೊಂಡು ಹೋಗಬಹುದು.