ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಇರುವ ಹೆಸರು ನಿಜಕ್ಕೂ ತಕ್ಕದ್ದಾ?

ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ ಮುಗಿಸಿದ್ದೀರಿ. ಎಂ.ಎಸ್ಸಿ ಬಾಟನಿಗೆ ಬೆಂಗಳೂರು ವಿಶ್ವವಿದ್ಯಾಲಯ ಸೇರಲಾ, ಹೆಸರಿಗೆ ತಕ್ಕ ಹಾಗೆ ಇದೆಯಾ ಎಂದು ಕೇಳಿದ್ದೀರಿ. ನಾನು ಹಾಸನದವಳು. ಇಪ್ಪತ್ತು ವರ್ಷದ ಹಿಂದೆ ಅಲ್ಲೇ ಬಾಟನಿ ಓದಿದೆ. ಈಗ ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎಂ.ಎಸ್ಸಿಗೆ ಆದರೆ ಹೋಗಿ. ಅದೇ ಡಿಗ್ರಿಗೆ ಎಂದು ಕೇಳಿದ್ದರೆ, ಹೆಸರು ನೋಡಿ ಹೋಗಬೇಡಿ ಎನ್ನುತ್ತಿದ್ದೆ.

ಯಾಕೆ ಅಂತ ಹೇಳುತ್ತೇನೆ. ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ಬಿ.ಕಾಂ ಮಾಡಿದ. ಅವನ ಕಾಲೇಜು ಇದ್ದದ್ದು ಒಂದು ಕಾಂಪ್ಲೆಕ್ಸಿನ ಮೂರನೇ ಮಹಡಿಯಲ್ಲಿ. ಕೆಳಗೆ ಚಪ್ಪಲಿ ಅಂಗಡಿ. ಲೈಬ್ರರಿ ಎಂದರೆ ಎರಡು ಗಾಡ್ರೇಜ್ ಬೀರು, ಅವಕ್ಕೂ ಬೀಗ. ಮೂರು ವರ್ಷದಲ್ಲಿ ಅವನು ವಿಶ್ವವಿದ್ಯಾಲಯದ ಕ್ಯಾಂಪಸ್ಸಾದ ಜ್ಞಾನಭಾರತಿಯ ಗೇಟು ನೋಡಿದ್ದು ಒಂದೇ ಸಲ, ಯಾವುದೋ ಸರ್ಟಿಫಿಕೇಟಿಗೆ. ಆದರೆ ಅವನ ಮಾರ್ಕ್ಸ್ ಕಾರ್ಡಿನ ಮೇಲೂ, ನನ್ನದರ ಮೇಲೂ ಇರುವ ಹೆಸರು ಒಂದೇ. ಒಂದು ಕಾಲಕ್ಕೆ ಈ ಹೆಸರಿನ ಕೆಳಗೆ 600ಕ್ಕೂ ಹೆಚ್ಚು ಕಾಲೇಜುಗಳಿದ್ದವು. ಕೆಲವು ಬಹಳ ಒಳ್ಳೆಯವು, ಕೆಲವು ಹೀಗೆ. ಪರೀಕ್ಷೆ ನಡೆಸುವುದು, ಕಾರ್ಡು ಕೊಡುವುದು ವಿಶ್ವವಿದ್ಯಾಲಯ. ಪಾಠ ಹೇಳುವವರು ಬೇರೆಯವರು. ನಿಮ್ಮ ಎಂ.ಎಸ್ಸಿ ಹಾಗಲ್ಲ, ಅದನ್ನು ಕ್ಯಾಂಪಸ್ಸಿನಲ್ಲೇ ವಿಶ್ವವಿದ್ಯಾಲಯದ ಡಿಪಾರ್ಟ್‌ಮೆಂಟಿನವರು ಹೇಳಿಕೊಡುತ್ತಾರೆ.

ಇನ್ನು ಆ ಹೆಸರು ಬಂದದ್ದು ಎಲ್ಲಿಂದ? ನಮ್ಮ ಕಡೆ ದೊಡ್ಡ ಮನೆ ಹಿಸ್ಸೆಯಾದರೂ ಊರವರು ಪಟೇಲರ ಮನೆ ಅಂತಲೇ ಕರೆಯುತ್ತಾರೆ ಅಲ್ವಾ? ತೋಟ ಒಬ್ಬನಿಗೆ, ಗದ್ದೆ ಇನ್ನೊಬ್ಬನಿಗೆ ಹೋಗಿರುತ್ತೆ. ಹೆಸರು ಮಾತ್ರ ಹಳೇ ಮನೆಯಲ್ಲಿ ಉಳಿದವನದು. ಇಲ್ಲಿ ಆಗಿರುವುದೂ ಅದೇ. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಅದರಿಂದ ಬೇರೆಯಾಗಿ 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದಾಗ ಎರಡು ದೊಡ್ಡ ಆಸ್ತಿ ಅದರ ಪಾಲಿಗೆ ಬಂದವು. ಒಂದು, 1858ರ ಸೆಂಟ್ರಲ್ ಕಾಲೇಜು. ಸಿ.ವಿ. ರಾಮನ್ ತಾವು ಕಂಡುಹಿಡಿದ, ಮುಂದೆ ರಾಮನ್ ಪರಿಣಾಮ ಎಂದು ಹೆಸರಾದ ಬೆಳಕಿನ ವಿಷಯವನ್ನು 1928ರ ಮಾರ್ಚ್ 16ರಂದು ವಿಜ್ಞಾನಿಗಳ ಮುಂದಿಟ್ಟದ್ದು ಅಲ್ಲಿಯೇ. ಇನ್ನೊಂದು, ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿದ ಎಂಜಿನಿಯರಿಂಗ್ ಕಾಲೇಜು, ಈಗಿನ ಯುವಿಸಿಇ. ಹಳಬರು ಹೇಳುವ ಬೆಂಗಳೂರು ಯೂನಿವರ್ಸಿಟಿಯ ಹೆಸರಿನಲ್ಲಿ ಅರ್ಧ ಈ ಎರಡರದು.

2017ರಲ್ಲಿ ಹಿಸ್ಸೆಯಾಯಿತು. ಸೆಂಟ್ರಲ್ ಕಾಲೇಜು ಬೆಂಗಳೂರು ನಗರ ವಿಶ್ವವಿದ್ಯಾಲಯದ ಪಾಲಾಯಿತು. ಕೋಲಾರದ ಕಡೆಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂತು. ಆಮೇಲೆ ಯುವಿಸಿಇ ಕೂಡ ಐಐಟಿ ಮಾದರಿ ಎಂದು ಸ್ವತಂತ್ರವಾಯಿತು. ಪಕ್ಕದಲ್ಲೇ ಇರುವ ನ್ಯಾಷನಲ್ ಲಾ ಸ್ಕೂಲನ್ನೂ ಕೆಲವರು ಇದಕ್ಕೇ ಸೇರಿಸಿ ಹೊಗಳುತ್ತಾರೆ. ಅದು ಮೊದಲಿಂದಲೂ ಬೇರೆ ಮನೆ.

ಹಳೇ ಮನೆ ಎಂದರೆ ಈಗ ಜ್ಞಾನಭಾರತಿ. ಸುಮಾರು 1,100 ಎಕರೆ. ಆ ಜಾಗಕ್ಕೂ ಅದರದೇ ಹೆಸರಿದೆ, ಅದು ಸುಳ್ಳಲ್ಲ. ಎಚ್. ನರಸಿಂಹಯ್ಯನವರು ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಪುಟ್ಟಪರ್ತಿಯ ಸಾಯಿಬಾಬಾ ಅವರಿಗೇ ಪತ್ರ ಬರೆದರು. ಇವತ್ತು ಯಾವ ಕುಲಪತಿಯಾದರೂ ಆ ಧೈರ್ಯ ಮಾಡುತ್ತಾರಾ? ಜಿ.ಎಸ್. ಶಿವರುದ್ರಪ್ಪನವರು ಕಟ್ಟಿ ಬೆಳೆಸಿದ ಕನ್ನಡ ಅಧ್ಯಯನ ಕೇಂದ್ರ ಇಲ್ಲಿಯದೇ.

ನಾನು ಅಲ್ಲಿಗೆ ಹೋದಾಗ ಕನ್ನಡ ಮೀಡಿಯಂ ಹುಡುಗಿ. ಮೊದಲ ತಿಂಗಳು ಕ್ಲಾಸಿನಲ್ಲಿ ಏನೂ ತಲೆಗೆ ಹತ್ತಲಿಲ್ಲ, ಸುಮ್ನೆ ಬರೆದುಕೊಳ್ಳುತ್ತಿದ್ದೆ. ಒಬ್ಬ ಮೇಷ್ಟ್ರು ಸಂಜೆ ಹೊತ್ತು ಕ್ಯಾಂಪಸ್ಸಿನ ಮರಗಳ ಕೆಳಗೆ ನಿಲ್ಲಿಸಿ ಎಲೆ ಕಿತ್ತು ಕೈಗೆ ಕೊಟ್ಟು ಕನ್ನಡದಲ್ಲೇ ಹೇಳಿಕೊಟ್ಟರು. ಟೂರಿಗೆ ಬಿಸಿಲೆ ಘಾಟಿಗೆ ಕರೆದುಕೊಂಡು ಹೋದರು. ಬಿಸಿಲೆ ನಮ್ಮ ಸಕಲೇಶಪುರ ತಾಲ್ಲೂಕಿನದೇ! ನಮ್ಮ ಕಾಡಿನ ಗಿಡದ ಹೆಸರು ಕಲಿಯಲು ಬೆಂಗಳೂರಿಗೆ ಹೋಗಬೇಕಾಯಿತಾ ಅಂತ ಅಪ್ಪ ಇವತ್ತಿಗೂ ನಗುತ್ತಾರೆ.

ಅಪ್ಪನ ಮಾತಿನಲ್ಲಿ ಸತ್ಯ ಇದೆ. ನಿಮಗೆ ಗಿಡಗಳೇ ಮುಖ್ಯ ಅಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಯಾವ ಲೆಕ್ಕದಲ್ಲೂ ಕಡಿಮೆ ಅಲ್ಲ, ಭದ್ರಾ ಕಾಡು ಪಕ್ಕದಲ್ಲೇ ಇದೆ. ಹಾಸನದಲ್ಲೂ ಮೈಸೂರು ವಿಶ್ವವಿದ್ಯಾಲಯದ ಪಿಜಿ ಕೇಂದ್ರವಾಗಿದ್ದ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಆಯಿತು. ಬೋರ್ಡು ಬದಲಾಗಿ ಎರಡು ವರ್ಷಕ್ಕೇ, ಇಂಥ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕಾ ಎಂಬ ಮಾತು ಸರ್ಕಾರದಲ್ಲಿ ಎದ್ದಿತು. ಅಂಥ ಕಡೆ ನನ್ನ ವಿದ್ಯಾರ್ಥಿಗಳನ್ನು ಕಳಿಸಲು ನನಗೇ ಅಳುಕು.

ಆದರೂ ನಿಮಗೆ ಬೆಂಗಳೂರು ಅಂತ ಹೇಳುತ್ತಿರುವುದು ವಿಶ್ವವಿದ್ಯಾಲಯಕ್ಕಿಂತ ಜಾಸ್ತಿ ಆ ಊರಿನ ಕಾರಣಕ್ಕೆ. ಲಾಲ್‌ಬಾಗ್ ಇದೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಇದೆ, ಟಾಟಾ ಇನ್‌ಸ್ಟಿಟ್ಯೂಟ್ ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಶನಿವಾರ ಒಂದು ಉಪನ್ಯಾಸ ಕೇಳಿ ಬರಬಹುದು. ಪ್ರಾಜೆಕ್ಟಿಗೆ ಯಾರ ಲ್ಯಾಬಿನ ಬಾಗಿಲಾದರೂ ತಟ್ಟಬಹುದು. ನನ್ನ ಓದಿನಲ್ಲಿ ಅರ್ಧ ಡಿಪಾರ್ಟ್‌ಮೆಂಟಿನ ಹೊರಗೇ ಆಯಿತು.

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ನ್ಯಾಕ್ ಸಂಸ್ಥೆ ಕೊಡುವ ಗ್ರೇಡು ನೋಡಿ ತೀರ್ಮಾನ ಮಾಡಬೇಡಿ. ಅದು ಇಡೀ ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು, ನೀವು ಕೂರುವುದು ಒಂದು ಡಿಪಾರ್ಟ್‌ಮೆಂಟಿನಲ್ಲಿ. ರಾಜ್ಯದ ಎಲ್ಲ ಹಳೇ ವಿಶ್ವವಿದ್ಯಾಲಯಗಳಲ್ಲೂ ಖಾಯಂ ಹುದ್ದೆಗಳು ಖಾಲಿ ಬಿದ್ದಿವೆ, ಗೆಸ್ಟ್ ಲೆಕ್ಚರರ್‌ಗಳೇ ಬಂಡಿ ಎಳೆಯುತ್ತಿದ್ದಾರೆ. ಅರ್ಜಿ ಹಾಕುವ ಮೊದಲು ಒಂದು ಕೆಲಸದ ದಿನ ಹೋಗಿ ಬನ್ನಿ. ಮೆಟ್ರೋದ ನೇರಳೆ ಲೈನಿನಲ್ಲಿ ಜ್ಞಾನಭಾರತಿ ಅಂತಲೇ ಸ್ಟೇಷನ್ ಇದೆ. ಇಳಿದ ಮೇಲೂ ಒಳಗೆ ನಡೆಯುವುದು ಜಾಸ್ತಿ, ಒಳ್ಳೆ ಚಪ್ಪಲಿ ಇರಲಿ. ಆಫೀಸಿನವರನ್ನು ಕೇಳಬೇಡಿ. ಎರಡನೇ ವರ್ಷದ ಒಬ್ಬರನ್ನು ಹಿಡಿದು ಕಾಫಿ ಕೊಡಿಸಿ ಕೇಳಿ: ಖಾಯಂ ಮೇಷ್ಟ್ರು ಎಷ್ಟು ಜನ ಇದ್ದಾರೆ, ಲ್ಯಾಬಿನ ಮೈಕ್ರೋಸ್ಕೋಪುಗಳಲ್ಲಿ ಕೆಲಸ ಮಾಡುವವು ಎಷ್ಟು, ಹಾಸ್ಟೆಲ್ ರೂಮು ಯಾವ ತಿಂಗಳು ಕೈಗೆ ಸಿಗುತ್ತೆ.