ಖಾರ ತಿಂದ್ರೆ ಬಾಯೆಲ್ಲಾ ಉರಿ. ಲೋಳೆಸರ ಹಚ್ಚಿದ್ರೆ ವಾಸಿಯಾಗುತ್ತಾ? ತಂಬಾಕು ಮುಟ್ಟಲ್ಲ, ಬರೀ ಅಡಿಕೆ. ಲೋಳೆಸರ ಚರ್ಮಕ್ಕೂ ಆಗುತ್ತಾ?

ಹಚ್ಚಿ, ಉರಿ ಇಳಿಯುತ್ತೆ. ನನಗೂ ಇಳಿದಿತ್ತು, ಕೆಟ್ಟಿದ್ದೇ ಅಲ್ಲಿಂದ.

ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟದ ಮನೆ. ಸುಲಿಯೋ ಕಾಲದಲ್ಲಿ ಕೈಗೆ ಸಿಕ್ಕ ಹೋಳು ಬಾಯಿಗೆ ಹಾಕ್ಕೊಳ್ಳೋದನ್ನ ನಮ್ಮಲ್ಲಿ ಯಾರೂ ಚಟ ಅನ್ನಲ್ಲ. ಕೆಲಸಕ್ಕೆ ಸೇರಿದ ಮೇಲೆ ಪಾನ್ ಮಸಾಲ ಅಂಟಿಕೊಳ್ತು. ‘ತಂಬಾಕಿಲ್ವಲ್ಲ’ ಅಂತ ನಿಮ್ಮ ಥರಾನೇ ನಾನೂ ಎದೆ ತಟ್ಟಿ ಹೇಳ್ತಿದ್ದೆ. ಮೊದಲು ಮೆಣಸಿನಕಾಯಿ ಬಜ್ಜಿ ಬಿಟ್ಟೆ. ಆಮೇಲೆ ಬರೀ ಸಾರಿಗೂ ಬಾಯಿ ಧಗಧಗ. ಅಮ್ಮ ಹಿತ್ತಲಿಂದ ಲೋಳೆಸರ ಕೊಯ್ದು ತಿರುಳು ತೆಗೆದುಕೊಟ್ಟಳು. ಕೆನ್ನೆ ಒಳಗೆ ಸವರಿಕೊಂಡೆ, ದಿನ ಕಳೆದ ಹಾಗೆ ಮತ್ತೆ ಖಾರ ತಿನ್ನೋ ಹಾಗಾಯ್ತು.

ನನ್ನ ತಪ್ಪು ಇಲ್ಲಿದೆ, ಉದ್ದ ಆದ್ರೂ ಓದಿ. ಉರಿ ಹೋಯ್ತು ಅಂದ್ರೆ ಕಾಯಿಲೆ ಹೋಯ್ತು ಅಂದ್ಕೊಂಡೆ. ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ರಾಸಾಯನಿಕ ಕೆನ್ನೆಯ ಒಳಪದರದ ಕೆಳಗೆ ಕೊಲಾಜನ್ ನಾರು ಅತಿಯಾಗಿ ಬೆಳೆಯೋ ಹಾಗೆ ಮಾಡುತ್ತೆ. ಅಡಿಕೆಯಲ್ಲಿರೋ ತಾಮ್ರ ಆ ನಾರುಗಳನ್ನ ಒಂದಕ್ಕೊಂದು ಬಿಗಿದು ಗಟ್ಟಿ ಮಾಡೋಕೆ ನೆರವಾಗುತ್ತೆ. ತಂಬಾಕಿಗೂ ಇದಕ್ಕೂ ಸಂಬಂಧವೇ ಬೇಕಿಲ್ಲ. ಲೋಳೆಸರದ ತಿರುಳು ಮುಕ್ಕಾಲುಮೂರುವೀಸ ನೀರು, ಉಳಿದದ್ದರಲ್ಲಿ ಲೋಳೆಯಂಥ ಪಾಲಿಸ್ಯಾಕರೈಡ್. ಅದು ಮೇಲ್ಪದರವನ್ನ ತಂಪಾಗಿಡುತ್ತೆ, ಉರಿಯೂತ ತಗ್ಗಿಸುತ್ತೆ. ಕೆಳಗೆ ಕಟ್ಟಿಕೊಂಡ ನಾರಿನ ಪಟ್ಟಿಯನ್ನ ಕರಗಿಸಲ್ಲ. ಉರಿ ಇದ್ದಾಗಲಾದ್ರೂ ಅಡಿಕೆ ಹಾಕೋಕೆ ಹೆದರ್ತಿದ್ದೆ. ಆ ಹೆದರಿಕೆ ಹೋಗಿದ್ದೇ ತಡ, ಮೊದಲಿಗಿಂತ ಜಾಸ್ತಿ ಅಗಿಯೋಕೆ ಶುರು ಮಾಡಿದೆ. ಮೇಲೆ ಜೆಲ್ಲು, ಒಳಗೆ ಬಿಗಿತ, ಎರಡೂ ಒಟ್ಟೊಟ್ಟಿಗೆ ನಡೀತು.

ಗೊತ್ತಾಗಿದ್ದು ಒಂದು ಮದುವೆ ಊಟದಲ್ಲಿ, ಮಡಿಸಿದ ಹೋಳಿಗೆ ಬಾಯಿಗೆ ಹಿಡಿಸಲಿಲ್ಲ. ದಂತ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗದಲ್ಲಿ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂದ್ರು, ಅಂದ್ರೆ ಕೆನ್ನೆಯೊಳಗೆ ನಾರು ಕಟ್ಟಿ ಬಾಯಿ ಬಿಗಿಯೋ ಕಾಯಿಲೆ. ಕೆನ್ನೆಗೆ ಇಂಜೆಕ್ಷನ್, ಹಲ್ಲಿನ ಮಧ್ಯೆ ಐಸ್‌ಕ್ರೀಮ್ ಕಡ್ಡಿ ಒಂದೊಂದೇ ಸೇರಿಸಿ ಬಾಯಿ ಅಗಲಿಸೋ ವ್ಯಾಯಾಮ. ಸ್ವಲ್ಪ ತೆರೀತು, ಪೂರ್ತಿ ತೆರೀಲಿಲ್ಲ. ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುತ್ತೆ, ಹಾಗಾಗಿ ತಪಾಸಣೆ ಇನ್ನೂ ನಡೀತಾ ಇದೆ.

ಆದ್ದರಿಂದ ನಿಮ್ಮ ‘ಬರೀ ಅಡಿಕೆ’ಯನ್ನ ನಾನು ಒಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಅಡಿಕೆಯನ್ನ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರೋದು ಖಚಿತ ಅನ್ನೋ ಗುಂಪಿಗೆ ಸೇರಿಸಿದೆ. (ಇದನ್ನ ನಮ್ಮೂರಲ್ಲಿ ಹೇಳಿದ್ರೆ ಜಗಳವೇ. ನಾನು ಓದಿದ್ದೂ ತೋಟದ ದುಡ್ಡಲ್ಲೇ, ಆದ್ರೂ ಹೇಳ್ತೀನಿ.) ಕರ್ನಾಟಕದಲ್ಲಿ 2013ರಲ್ಲಿ ತಂಬಾಕು ಬೆರೆಸಿದ ಗುಟ್ಕಾ ನಿಷೇಧವಾಯ್ತು, ಅದಕ್ಕೇ ಪಾನ್ ಮಸಾಲ ಸಭ್ಯ ಅನ್ನೋ ಭ್ರಮೆ ಅನೇಕರಿಗಿದೆ.

ಡಾಕ್ಟರು ಜೆಲ್ ಬೇಡ ಅನ್ನಲಿಲ್ಲ. ಈ ಕಾಯಿಲೆಯ ಉರಿಗೆ ಅದು ಆಗಿಬರುತ್ತೆ ಅಂತ ನಮ್ಮ ದೇಶದಲ್ಲೇ ಅಧ್ಯಯನಗಳಿವೆ. ಸಾಮಾನ್ಯ ಬಾಯಿಹುಣ್ಣಿಗೂ ಹಚ್ಚಬಹುದು. ಆದ್ರೆ ಎಲೆ ಕೊಯ್ದ ತಕ್ಷಣ ಸವರಬೇಡಿ. ಕತ್ತರಿಸಿದ ತುದಿ ಕೆಳಗೆ ಮಾಡಿ ನಿಲ್ಲಿಸಿ, ಹಳದಿ ಹಾಲು ಇಳಿದುಹೋಗಲಿ. ಆಮೇಲೆ ತೊಳೆದು, ಸಿಪ್ಪೆ ದಪ್ಪಗೆ ಹೆರೆದು, ತಿರುಳನ್ನ ಇನ್ನೊಮ್ಮೆ ತೊಳೀರಿ. ಆ ಹಳದಿ ಹಾಲಲ್ಲಿರೋದು ಅಲೋಯಿನ್, ಹೊಟ್ಟೆಗೆ ಹೋದ್ರೆ ಭೇದಿ. ಮುಖಕ್ಕೆ ಹಚ್ಚೋ ಹಸಿರು ಟ್ಯೂಬು ಬಾಯಿಗಂತೂ ಬೇಡ, ಅದರಲ್ಲಿ ಸುವಾಸನೆ, ಬಣ್ಣ ಎಲ್ಲಾ ಇರುತ್ತೆ.

ಚರ್ಮದ ಬಗ್ಗೆಯೂ ಕೇಳಿದೀರಿ. ಬಿಸಿಲಿಗೆ ಕೆಂಪಾದ ಚರ್ಮಕ್ಕೆ, ಒಗ್ಗರಣೆ ಎಣ್ಣೆ ಸಿಡಿದ ಸಣ್ಣ ಸುಟ್ಟಗಾಯಕ್ಕೆ ಚೆನ್ನಾಗಿದೆ. ಮೊದಲು ಮೊಣಕೈ ಒಳಗೆ ಹಚ್ಚಿ ನೋಡಿ, ಕೆಲವರಿಗೆ ತುರಿಕೆ ಏಳುತ್ತೆ. ಆಪರೇಷನ್ ಗಾಯ, ಆಳದ ಗಾಯಕ್ಕೆ ಮಾತ್ರ ಬೇಡ. ಹೊಟ್ಟೆ ಆಪರೇಷನ್ ಆದವರ ತೆರೆದ ಗಾಯಕ್ಕೆ ಹಚ್ಚಿದಾಗ ಮಾಯೋದು ತಡವಾಯ್ತು ಅಂತ 1991ರ ಒಂದು ಅಮೆರಿಕನ್ ಅಧ್ಯಯನ ಹೇಳಿತ್ತು.

ಈಗ ಎದ್ದು ಕನ್ನಡಿ ಮುಂದೆ ಹೋಗಿ ಬಾಯಿ ತೆರೀರಿ. ಕೆನ್ನೆ ಒಳಗೆ ಬೆಳ್ಳಗೆ ಬಿಳಿಚಿಕೊಂಡಿದೆಯಾ ನೋಡಿ. ನಿಮ್ಮದೇ ಮೂರು ಬೆರಳನ್ನ ಒಂದರ ಮೇಲೊಂದು ಇಟ್ಟು, ಮೇಲಿನ ಕೆಳಗಿನ ಹಲ್ಲಿನ ನಡುವೆ ತೂರಿಸಿ. ಮೂರನೇದು ಹೋಗದಿದ್ರೆ ಲೋಳೆಸರದ ಮಾತು ಆಮೇಲೆ, ಈ ವಾರವೇ ದಂತವೈದ್ಯರ ಹತ್ತಿರ ಹೋಗಿ. ಮೂರೂ ಬೆರಳು ಹೋದ್ರೂ ಜೇಬಲ್ಲಿರೋ ಅಡಿಕೆ ಪೊಟ್ಟಣ ಇವತ್ತೇ ಬಿಸಾಕಿ.